ತಪ್ಪಿನ ಕೆಳಗೊಂದು ಚುಕ್ಕೆ

“ಇದು ನಿಮ್ಮಕ್ಕ ಇಟ್ಟ ಚುಕ್ಕೆ ಅಲ್ಲ,” ಎಂದೆ.

ಕನ್ನಡಕದಂಗಡಿಯ ಹುಡುಗಿ ಗಾಜು ಉಜ್ಜುವ ಯಂತ್ರದಿಂದ ಕೈ ತೆಗೆಯಲಿಲ್ಲ. ಅಂಗಡಿಯ ಹಿಂದಿನ ಆ ಕೋಣೆಯಲ್ಲಿ ಇಬ್ಬರು ಕೂತರೆ ಮೂರನೆಯವರು ಉಸಿರಾಡಲು ಹೊರಗೆ ಹೋಗಬೇಕು. ತಿರುಗುವ ಚಕ್ರದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು, ಬಿಳಿ ಕೆಸರು ಅವಳ ಬೆರಳುಗಳಿಗೆ ಮೆತ್ತಿಕೊಂಡಿತ್ತು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಲು ಹೊರಟೆ.

“ಕೇಳಿಸ್ತು ಮೇಡಂ. ಈ ಗಾಜು ಮುಗಿಸಿಬಿಡ್ತೀನಿ. ಅರ್ಧಕ್ಕೆ ನಿಲ್ಸಿದ್ರೆ ಅಂಚು ಒಡೆದುಹೋಗುತ್ತೆ.”

ಕಾದೆ. ಹನ್ನೊಂದು ತಿಂಗಳ ಹಿಂದೆ ಲೈಬ್ರರಿಗೆ ಪುಸ್ತಕ ಕೊಟ್ಟು ಬರುತ್ತೇನೆಂದು ಹೊರಟ ಇವಳ ಅಕ್ಕ ತಿರುಗಿ ಬರಲಿಲ್ಲ. ತಿಂಗಳ ಮೇಲೆ ನಾಲೆಯಲ್ಲಿ ಸಿಕ್ಕ, ಮುಖ ಗುರುತು ಹತ್ತದ ಹೆಣ ಅವಳದೇ ಎಂದು ಒಪ್ಪಿ ಇಂದು ನಾಲ್ಕು ಗಂಟೆಯೊಳಗೆ ಠಾಣೆಯಲ್ಲಿ ಸಹಿ ಹಾಕಬೇಕು. ಭಾವ ಆಗಲೇ ಹಾಕಿದ್ದಾನೆ. ತಂಗಿಯದೂ ಬಿದ್ದರೆ ಕಡತ ಮುಚ್ಚುತ್ತದೆ, ಆಮೇಲೆ ಅಕ್ಕನನ್ನು ಯಾರೂ ಹುಡುಕುವುದಿಲ್ಲ.

ಇಷ್ಟು ದಿನ ಅವಳ ಕೈ ತಡೆದದ್ದು ಮೂರು ಹಳೆಯ ಪುಸ್ತಕಗಳು. ಮೂರೂ ಲೈಬ್ರರಿಗೆ ಬಂದದ್ದು ಅಕ್ಕ ಕಾಣೆಯಾದ ಮೇಲೆ. ಮೂರರಲ್ಲೂ ಒಂದೊಂದು ಅಕ್ಷರದ ಕೆಳಗೆ ಸಾಸಿವೆಗಿಂತ ಚಿಕ್ಕದೊಂದು ಹಸಿರು ಚುಕ್ಕೆ.

ಬಾಡಿಗೆ ಲೈಬ್ರರಿಯ ಕಾದಂಬರಿ ಓದಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೂರಾರು ಪುಸ್ತಕ ಓದಿದ ಮೇಲೆ ಯಾವುದು ಓದಿದ್ದು, ಯಾವುದು ಓದದ್ದು ಎಂದು ನೆನಪಿರುವುದಿಲ್ಲ. ರಟ್ಟು ನೋಡಿದರೆ ಎಲ್ಲಕ್ಕೂ ಒಂದೇ ಬಣ್ಣ. ಅದಕ್ಕೇ ಒಬ್ಬೊಬ್ಬರದು ಒಂದೊಂದು ಕಳ್ಳ ಗುರುತು. ಕಾಂಪೌಂಡರು ಹದಿನೇಳನೆಯ ಪುಟದಲ್ಲಿ ಗೀರು ಎಳೆಯುತ್ತಾರೆ. ನಿವೃತ್ತ ಸ್ಟೇಷನ್ ಮಾಸ್ಟರು ಐವತ್ತನೆಯ ಪುಟದ ಸಂಖ್ಯೆಗೆ ಸುತ್ತು ಹಾಕುತ್ತಾರೆ. ಒಬ್ಬ ಟೀಚರು ಇದ್ದಾರೆ, ಅಭ್ಯಾಸಬಲ, ಕೊನೆಯ ಪುಟದ ಕಿವಿ ಹಿಂಡುತ್ತಾರೆ. ಇವಳ ಅಕ್ಕನದು ಹಸಿರು ಚುಕ್ಕೆ.

ಹುಡುಗಿ ಗಾಜನ್ನು ಬೆಳಕಿಗೆ ಹಿಡಿದು ನೋಡಿ, ತಟ್ಟೆಯಲ್ಲಿಟ್ಟು, ಯಂತ್ರ ಆರಿಸಿದಳು.

“ಹೇಗೆ ಹೇಳ್ತೀರಿ?”

“ನಿಮ್ಮಕ್ಕ ಮುಂಚೆ ಓದಿದ್ದ ನಲವತ್ತು ಪುಸ್ತಕ ಒಂದೊಂದಾಗಿ ನೋಡಿದೆ. ಚುಕ್ಕೆ ಎಲ್ಲೋ ಸುಮ್ಮನೆ ಇಟ್ಟಿದ್ದಲ್ಲ. ಪುಸ್ತಕದಲ್ಲಿ ಮೊದಲನೇ ಅಚ್ಚಿನ ತಪ್ಪು ಎಲ್ಲಿ ಸಿಗುತ್ತೋ ಅಲ್ಲಿ ಇಟ್ಟಿದ್ದಾಳೆ. ನಲವತ್ತರಲ್ಲೂ.”

ಇದು ನನ್ನ ಕಣ್ಣಿಗೆ ಬಿದ್ದದ್ದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಮೂವತ್ತೊಂದು ವರ್ಷ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದಿದವಳು ನಾನು. ಅದು ಬಾಗಿಲು ಹಾಕಿದ ಮೇಲೆ, ಕಳೆದುಹೋದದ್ದನ್ನು ಹುಡುಕಿಕೊಡುವ ಈ ಹಾಳು ಕಸುಬಿಗೆ ಬಿದ್ದೆ. ಎಲ್ಲರೂ ಕರಡಮ್ಮ ಎನ್ನುತ್ತಾರೆ. ಗೊತ್ತಿಲ್ಲದವರು ಅದು ಕರಡಿಯಿಂದ ಬಂದ ಹೆಸರೆಂದು ತಿಳಿಯುತ್ತಾರೆ. ನನ್ನ ಮುಖ ನೋಡಿದ ಮೇಲೆ ಅವರ ಅನುಮಾನ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಒಂದು ಹಳೆಯ ಕಾದಂಬರಿಯಲ್ಲಿ ನಾಯಕಿ ಅತಿಥಿಗೆ ಬಿಸಿ ಹಾಲು ಕೊಡುವ ಬದಲು ಬಿಸಿ ‘ಹಾಳು’ ಕೊಟ್ಟಿದ್ದಳು. ಅಲ್ಲೊಂದು ಚುಕ್ಕೆ. ಇನ್ನೊಂದರಲ್ಲಿ ವಿರಹದಿಂದ ಬೆಂದವಳೊಬ್ಬಳು ‘ಪ್ರಾಣಿನಾಥಾ’ ಎಂದು ನರಳಿದ್ದಳು. ಅಲ್ಲೊಂದು. ಆ ಪುಸ್ತಕ ನಮ್ಮ ಅಚ್ಚುಕೂಟದ್ದು, ಆ ಪ್ರಾಣಿಯನ್ನು ಒಳಗೆ ಬಿಟ್ಟುಕೊಂಡವಳು ನಾನೇ. ಇಷ್ಟು ವರ್ಷ ಯಾರೂ ಎತ್ತಿ ಆಡದ ನನ್ನ ತಪ್ಪನ್ನು, ನಾನು ಮುಖ ಕಾಣದ ಒಬ್ಬ ಹೆಂಗಸು ಹಿಡಿದು, ಬೈಯದೆ, ಚುಕ್ಕೆಯಿಟ್ಟು ಮುಂದಕ್ಕೆ ಓದಿದ್ದಳು. ಅವಳ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅವತ್ತು. ಅವಳು ಸತ್ತಿರಬಾರದೆಂದು ತಂಗಿಯಷ್ಟೇ ನಾನೂ ಬಯಸಿದ್ದೆ.

“ಈ ಮೂರರಲ್ಲಿ ಚುಕ್ಕೆ ಇರೋದು ಸರಿಯಾದ ಮಾತಿನ ಕೆಳಗೆ. ಒಂದು ‘ಮಳೆ’ ಅನ್ನೋದರ ಕೆಳಗಿದೆ. ಒಂದು ‘ಅವನು’ ಕೆಳಗೆ. ಇನ್ನೊಂದು ‘ತೆರೆದಳು’ ಕೆಳಗೆ. ಒಂದರಲ್ಲೂ ತಪ್ಪಿಲ್ಲ. ಚುಕ್ಕೆ ಗೊತ್ತಿದ್ದು, ಚುಕ್ಕೆಯ ಗುಟ್ಟು ಗೊತ್ತಿಲ್ಲದವರು ಯಾರೋ ಇಟ್ಟಿದ್ದಾರೆ.”

“ಮೂರೂ ನೋಡಿದ್ರಾ?”

“ಮೂರೂ ನೋಡಿದೆ.”

ಅವಳು ಅಳಲಿಲ್ಲ. ಬಕೆಟ್ಟಿನಲ್ಲಿ ಕೈ ತೊಳೆದು, ಬೆರಳ ಸಂದಿನ ಕೆಸರನ್ನು ಒಂದೊಂದಾಗಿ ತೆಗೆದಳು. ಅತ್ತಿದ್ದರೆ ಏನಾದರೂ ಹೇಳಬಹುದಿತ್ತು.

“ಅಕ್ಕ ಹೊಸ ಪುಸ್ತಕ ಮುಟ್ತಿರಲಿಲ್ಲ ಮೇಡಂ,” ಎಂದಳು. “ಹಳೇ ಕಾದಂಬರೀಲಿ ಯಾರಿಗೂ ಅವಸರ ಇರಲ್ಲ ಅನ್ನೋಳು. ಒಬ್ಬಳು ಕಾಗದ ಹಾಕ್ತಾಳೆ, ಉತ್ತರ ಬರೋಕೆ ಮೂರು ಅಧ್ಯಾಯ ಕಾಯ್ಬೇಕು. ನಾವಿಬ್ರೂ ಕೂತು ಕಾಯ್ತಿದ್ವಿ. ನಾನು ಈ ಕೆಲಸ ಕಲಿಯುವಾಗ ದಿನಾ ಬೆರಳು ಕೊಯ್ಕೊಂಡು ಬರ್ತಿದ್ದೆ, ಪುಸ್ತಕ ಹಿಡಿಯೋಕಾಗ್ತಿರಲಿಲ್ಲ. ಅವಳೇ ಓದಿ ಹೇಳೋಳು. ಕಥೆಗಳ ಪುಸ್ತಕ ಆದ್ರೆ ದಿನಕ್ಕೊಂದೇ ಕಥೆ. ಇನ್ನೊಂದು ಓದೇ ಅಂದ್ರೆ, ಮುಗಿಸಿಬಿಟ್ರೆ ನಾಳೆಗೇನಿರುತ್ತೆ ಅನ್ನೋಳು. ಒಂದೊಂದ್ಸಲ ದುಃಖದ ಕಥೆ ಮಧ್ಯೆ ಕಿಸಕ್ಕಂತ ನಗೋಳು. ಯಾಕೇ ಅಂದ್ರೆ ಹೇಳ್ತಿರಲಿಲ್ಲ. ಈಗ ಗೊತ್ತಾಯ್ತು ನೋಡಿ, ಯಾಕೆ ಅಂತ.”

ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿದಳು.

“ಸಹಿ ಹಾಕಿಬಿಡ್ತೀನಿ. ಭಾವ ಮೂರೂವರೆಗೆ ಗಾಡಿ ತರ್ತಾರೆ.”

“ಚುಕ್ಕೆ ವಿಷಯ ಭಾವನ ಹತ್ರ ಆಡಿದ್ಯಾ?”

“ನೀವೇ ಬೇಡ ಅಂದಿದ್ರಲ್ಲ. ಆಡಿಲ್ಲ.”

“ಈಗಲೂ ಆಡ್ಬೇಡ.”

“ಇನ್ನು ಆಡೋಕೆ ಏನು ಉಳಿದಿದೆ ಮೇಡಂ,” ಎಂದು ಅವಳು ಚಪ್ಪಲಿ ಮೆಟ್ಟಿದಳು.

ಮೂರೂ ಪುಸ್ತಕ ಚೀಲಕ್ಕೆ ಹಾಕಿಕೊಂಡು ರಸ್ತೆಗಿಳಿದೆ. ಕೆಲಸ ಸರಿಯಾಗಿ ಮಾಡಿದ್ದೇನೆ, ಸುಳ್ಳನ್ನು ಸುಳ್ಳೆಂದು ಹೇಳಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಈ ವಯಸ್ಸಿಗೆ ಒಂದು ಹುಡುಗಿಯ ಕೊನೆಯ ಆಸೆಗೆ ಕೆಂಪು ಗೆರೆ ಎಳೆದು ಬರುವ ಕೆಲಸ ನನಗೆ ಯಾಕೆ ಬೇಕಿತ್ತೋ ತಿಳಿಯದು.

ಆ ಸಂಕಟ ಎರಡು ಬೀದಿ ದಾಟುವಷ್ಟರಲ್ಲಿ ಸಿಟ್ಟಾಯಿತು. ಸುಳ್ಳು ಚುಕ್ಕೆ ಇಟ್ಟವರು ಯಾರು?

ಹಸಿರು ಚುಕ್ಕೆಯ ವಿಷಯ ಬಲ್ಲವರು ಲೈಬ್ರರಿಯಲ್ಲಿ ಮೂವರು. ಕಾಂಪೌಂಡರ ಕೈ ಎಷ್ಟು ನಡುಗುತ್ತದೆಂದರೆ ಹದಿನೇಳನೆಯ ಪುಟದ ಗೀರು ಒಂದೊಂದು ಸಲ ಹದಿನೆಂಟಕ್ಕೂ ಹರಿದಿರುತ್ತದೆ, ಚುಕ್ಕೆ ಅವರಿಂದಾಗದು. ಸ್ಟೇಷನ್ ಮಾಸ್ಟರು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮೂರು ತಿಂಗಳಿಂದ ಪುಸ್ತಕ ಮುಟ್ಟಿಲ್ಲ. ಉಳಿದವರು ಒಬ್ಬರೇ, ಲೈಬ್ರರಿಯ ಯಜಮಾನರು. ಅವರ ಹೆಸರು ನಾನು ಇಷ್ಟು ದಿನ ಮನಸ್ಸಿನಲ್ಲೂ ತಂದುಕೊಂಡಿರಲಿಲ್ಲ, ಯಾಕೆಂದರೆ ಅವರನ್ನು ಕಂಡರೆ ನನಗೆ ಇಷ್ಟ.

ಬೀಗದ ಕೈ ಮಾಡುವವನ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡಿದೆ ಲೈಬ್ರರಿ. ಒಳಗೆ ನಡೆಯಬೇಕಾದರೆ ಅಡ್ಡಡ್ಡ ನಡೆಯಬೇಕು. ಎರಡೂ ಬದಿಗೆ ಸೂರಿನವರೆಗೆ ಕಾದಂಬರಿ, ಕಥಾಸಂಕಲನ, ಎಲ್ಲಕ್ಕೂ ಯಜಮಾನರೇ ಕೂತು ಕಟ್ಟಿದ ಖಾಕಿ ರಟ್ಟು, ಬೆನ್ನಿಗೆ ಬಿಳಿ ಬಣ್ಣದ ನಂಬರು. ಬಂದ ಪುಸ್ತಕ ಎಂಥದೇ ಇರಲಿ, ಮೊದಲ ದಿನವೇ ಮುಖಪುಟ ಕಿತ್ತು ಖಾಕಿ ತೊಡಿಸುತ್ತಾರೆ. ಅಂಟಿನ ಬಟ್ಟಲು ಮುಂದಿಟ್ಟುಕೊಂಡು ಯಜಮಾನರು ಒಂದು ಬೆನ್ನು ಹರಿದ ಪುಸ್ತಕಕ್ಕೆ ಚಿಕಿತ್ಸೆ ಮಾಡುತ್ತಿದ್ದರು.

“ಬನ್ನಿ ಕರಡಮ್ಮ. ಮೊದಲ ಮುದ್ರಣದ ಕಥಾಸಂಕಲನ ಒಂದು ಸಿಕ್ಕಿದೆ, ನಿಮಗೇ ಅಂತ ಎತ್ತಿಟ್ಟಿದ್ದೀನಿ. ಏಳು ಕಥೆ. ಆರನೇದು ಓದಿ ಎರಡು ದಿನ ಯಾರ ಹತ್ರನೂ ಮಾತಾಡಲಿಲ್ಲ ನಾನು.”

“ರಿಜಿಸ್ಟರು ತೋರಿಸಿ.”

ಕೊಟ್ಟರು. ತಡವಾಗಿ ಬಂದ ಪುಸ್ತಕಗಳ ಕೆಳಗೆ ಗೆರೆ ಎಳೆಯುವುದು ಅವರ ಪದ್ಧತಿ. ಹಿಂದೆಲ್ಲ ನೀಲಿ ಗೆರೆ. ಎರಡೂವರೆ ತಿಂಗಳಿಂದ ಈಚೆಗೆ ಹಸಿರು. ಚುಕ್ಕೆಗೆಂದು ತಂದ ಪೆನ್ನನ್ನು ಎಸೆಯಲು ಮನಸ್ಸಾಗದೆ ಗೆರೆಗೆ ಬಳಸಿದ್ದರು ಮಹಾನುಭಾವರು.

ಹಸಿರು ಗೆರೆಯ ಮೇಲೆ ಬೆರಳಿಟ್ಟು ಅವರ ಮುಖ ನೋಡಿದೆ. ಅವರು ಅಂಟಿನ ಕುಂಚವನ್ನು ಕೆಳಗಿಟ್ಟರು.

“ಗೊತ್ತಾಗಿಹೋಯ್ತಾ,” ಎಂದರು.

“ನಾಚಿಕೆ ಆಗಲ್ವಾ ನಿಮಗೆ? ಅಕ್ಕ ಬದುಕಿದ್ದಾಳೆ ಅಂತ ಆ ಹುಡುಗಿ ಎರಡೂವರೆ ತಿಂಗಳು ಕುಣಿದಾಡಿದಳಲ್ಲ.”

“ಅದಕ್ಕೆ ಮುಂಚೆ ಹೇಗಿದ್ಲು ನೀವು ನೋಡಿಲ್ಲ.” ಅವರ ದನಿ ತಗ್ಗಿತ್ತು. “ಪ್ರತಿ ಶನಿವಾರ ಬರೋಳು. ಆ ವಾರ ಬಂದ ಹಳೇ ಪುಸ್ತಕ ಎಲ್ಲಾ ಇಳಿಸ್ಕೊಂಡು ಪುಟ ಪುಟ ತಿರುವೋಳು. ನಿಂತ್ಕೊಂಡೇ. ಏನೂ ಸಿಗದೆ ಎಲ್ಲಾನೂ ಇದ್ದ ಜಾಗದಲ್ಲೇ ಇಟ್ಟು ಹೋಗೋಳು. ಒಂದು ಶನಿವಾರ ‘ಇನ್ನು ಬರಲ್ಲ ಅಂಕಲ್, ಇನ್ನು ಎಲ್ಲಿಗೂ ಬರಲ್ಲ’ ಅಂದ್ಲು. ಆ ‘ಎಲ್ಲಿಗೂ’ ಅಂದಿದ್ದು ನನಗೆ ಹಿಡಿಸಲಿಲ್ಲ ಕರಡಮ್ಮ. ಇನ್ನೊಂದೇ ವಾರ ಬಾರಮ್ಮ ಅಂತ ಕೈ ಮುಗಿದೆ. ಮಾರನೇ ದಿನ ಹೋಗಿ ಪೆನ್ನು ತಂದೆ.”

“ಬಂದ್ಲಾ?”

“ಬಂದ್ಲು. ಚುಕ್ಕೆ ನೋಡಿ ಇಲ್ಲೇ, ನೀವು ನಿಂತಿದ್ದೀರಲ್ಲ, ಅಲ್ಲೇ ನೆಲದ ಮೇಲೆ ಕೂತುಬಿಟ್ಲು. ಊಟ ಮಾಡಿ ಎಷ್ಟು ದಿನ ಆಯ್ತು ಅಂದೆ. ಲೆಕ್ಕ ಇಲ್ಲ ಅಂದ್ಲು. ನನ್ನ ಬುತ್ತಿ ಕೊಟ್ಟೆ, ಪೂರ್ತಿ ತಿಂದ್ಲು.”

ರಿಜಿಸ್ಟರು ಮುಚ್ಚಿದೆ. ಇವರು ಸುಳ್ಳು ಹೇಳಿ ಒಬ್ಬಳನ್ನು ಉಳಿಸಿಕೊಂಡಿದ್ದರು. ನಾನು ನಿಜ ಹೇಳಿ ಅವಳನ್ನು ಠಾಣೆಗೆ ಕಳಿಸಿ ಬಂದಿದ್ದೆ. ಇಬ್ಬರಲ್ಲಿ ಯಾರಿಗೆ ನಾಚಿಕೆಯಾಗಬೇಕೆಂದು ನನಗೇ ತೋಚಲಿಲ್ಲ.

“ಎಲ್ಲಾ ಹೇಳಿಬಿಟ್ಟೆ ಅವಳಿಗೆ,” ಎಂದೆ. “ಸಹಿ ಹಾಕೋಕೆ ಹೋಗಿದ್ದಾಳೆ.”

ಯಜಮಾನರು ಅಂಟಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, “ಎರಡು ಸಲ ತಪ್ಪು ಮಾಡಿದೆ. ಮೂರನೇ ಸಲ ಮನಸ್ಸು ಬರಲಿಲ್ಲ,” ಎಂದರು.

“ಮೂರು ಸಲ.”

“ಎರಡು ಕರಡಮ್ಮ.”

“ಒಪ್ಪಿಕೊಂಡ ಮೇಲೆ ಪೂರ್ತಿ ಒಪ್ಪಿಕೊಳ್ಳಿ.” ಚೀಲದಿಂದ ಮೂರೂ ತೆಗೆದು ಮೇಜಿನ ಮೇಲೆ ಹರಡಿದೆ.

ಮೊದಲನೆಯದನ್ನು ತೆರೆದು ‘ಮಳೆ’ ನೋಡಿ, “ಇದು ನಾನೇ,” ಎಂದರು. ಎರಡನೆಯದರಲ್ಲಿ ‘ಅವನು’ ನೋಡಿ, “ಇದೂ ನಾನೇ.” ಮೂರನೆಯದನ್ನು ಕನ್ನಡಕ ಮೇಲೇರಿಸಿ, ಇಳಿಸಿ, ಪುಸ್ತಕ ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ಇದು ನಾನಲ್ಲ.”

“ಯಜಮಾನರೇ.”

“ನಾನು ಇಟ್ಟಿದ್ದು ಎರಡೂ ಪುಟದ ಮೊದಲನೇ ಸಾಲಲ್ಲಿ. ಹುಡುಗಿ ಕಣ್ಣಿಗೆ ಬೇಗ ಬೀಳ್ಲಿ ಅಂತ. ಇದು ಮಧ್ಯದಲ್ಲಿದೆ. ನಂದು ಎಷ್ಟು ದಪ್ಪ ಇದೆ, ಇದು ಎಷ್ಟು ಸಣ್ಣ ಇದೆ ನೋಡಿ. ಇಷ್ಟು ಸಣ್ಣ ಚುಕ್ಕೆ ಇಡೋಕೆ ನನಗೆ ಕಣ್ಣೆಲ್ಲಿದೆ?”

ಪುಸ್ತಕ ಕಿತ್ತುಕೊಂಡೆ. ಚುಕ್ಕೆ ನಿಜಕ್ಕೂ ಸಣ್ಣದು, ಸೂಜಿಮೊನೆಯಷ್ಟು. ಸಾಲನ್ನು ಮತ್ತೆ ಓದಿದೆ. ‘ಅವಳು ಸದ್ದಿಲ್ಲದೆ ಬಾಗಿಲು ತೆರೆದಳು.’ ತಪ್ಪಿಲ್ಲ. ಈ ಕಾದಂಬರಿಯನ್ನು ನಾನು ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಮೊದಲ ಮುದ್ರಣಕ್ಕೆ ತಿದ್ದಿದ್ದೆ. ಆಮೇಲೆ ಬರೀ ಖುಷಿಗೆಂದು ಎಷ್ಟು ಸಲ ಓದಿದ್ದೇನೋ. ಮನಸ್ಸು ಕೆಟ್ಟ ದಿನ ಯಾವ ಪುಟ ತೆರೆದರೂ ನಡೆಯುತ್ತಿತ್ತು. ಈ ಸಾಲು ನಿದ್ದೆಯಲ್ಲೂ ಬರುತ್ತದೆ ನನಗೆ.

ನಿದ್ದೆಯಲ್ಲೂ ಬರುತ್ತದೆ ಎಂದುಕೊಂಡ ಕೂಡಲೇ ಪುಸ್ತಕವನ್ನು ಮೇಜಿನ ಮೇಲಿಟ್ಟೆ.

ನಮ್ಮ ಅಚ್ಚುಕೂಟದಲ್ಲಿ ಹೊಸಬರಿಗೆ ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ ಒಂದಿತ್ತು. ನೀನು ಮೆಚ್ಚಿದ ಪುಸ್ತಕದ ಕರಡನ್ನು ನೀನು ಮುಟ್ಟಬೇಡ. ಬಾಯಿಪಾಠ ಬರುವ ಸಾಲನ್ನು ಕಣ್ಣು ನೋಡುವುದಿಲ್ಲ, ಇರಬೇಕಾದದ್ದನ್ನು ಮನಸ್ಸೇ ಓದಿ ಹೇಳಿಬಿಡುತ್ತದೆ. ಬೇರೆಯವರು ಸಿಗದಿದ್ದರೆ ಹಿಂದಿನಿಂದ ಓದು. ಕೊನೆಯ ಅಕ್ಷರದಿಂದ ಶುರುಮಾಡಿ, ಒಂದೊಂದನ್ನೇ.

ಮೇಜಿನ ಮೇಲಿದ್ದ ಕಾಗದದ ಚೂರಿನಿಂದ ಸಾಲನ್ನು ಮುಚ್ಚಿ, ಬಲದಿಂದ ಎಡಕ್ಕೆ ಸರಿಸುತ್ತ ಬಂದೆ.

ಳು. ದ. ರೆ.

ತೊ.

ಇನ್ನೊಮ್ಮೆ ಸರಿಸಿದೆ. ‘ತೆ’ ಅಲ್ಲ. ‘ತೊ’. ‘ಬಾಗಿಲು ತೊರೆದಳು.’ ಅಚ್ಚಿನ ತಪ್ಪು. ಹಸಿರು ಚುಕ್ಕೆ ಅದರ ನೇರ ಕೆಳಗೆ ಕೂತಿತ್ತು.

“ಏನಾಯ್ತು?” ಎಂದರು ಯಜಮಾನರು.

“ಈ ತಪ್ಪು ನಮ್ಮ ಮುದ್ರಣದಲ್ಲಿ ಇರಲಿಲ್ಲ.” ನನ್ನ ದನಿ ನನಗೇ ಬೇರೆಯವರದೆನಿಸಿತು. “ಆ ಪುಟ ನಾನು ಮೂರು ಸಲ ತಿದ್ದಿದ್ದೆ. ಇರಲೇ ಇಲ್ಲ.”

ಹೆಸರಿನ ಪುಟದ ಹಿಂದಕ್ಕೆ ತಿರುವಿದೆ. ಖಾಕಿ ರಟ್ಟು ನಂಬಿ ಆ ಪುಟವನ್ನು ನಾನು ತೆರೆದೂ ನೋಡಿರಲಿಲ್ಲ. ಮೊದಲ ಮುದ್ರಣದ ವರ್ಷ ನನಗೆ ಗೊತ್ತಿದ್ದದ್ದೇ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮರುಮುದ್ರಣದ ತಿಂಗಳಿತ್ತು. ನಾಲ್ಕು ತಿಂಗಳ ಹಿಂದಿನದು.

ನಾಲೆಯ ಹೆಣ ಸಿಕ್ಕು ಹತ್ತು ತಿಂಗಳಾಗಿದೆ. ಪುಸ್ತಕ ಅಚ್ಚಾಗುವ ಆರು ತಿಂಗಳ ಮುಂಚೆಯೇ ಸತ್ತವಳು ಅದನ್ನು ಓದಿ ತಪ್ಪು ಹಿಡಿಯಲಾರಳು. ಅಕ್ಕ ಬದುಕಿದ್ದಳು. ಎಲ್ಲೋ ಕೂತು, ಈ ನಾಲ್ಕು ತಿಂಗಳಲ್ಲಿ, ನಾನು ಪ್ರೀತಿಸಿದ ಕಾದಂಬರಿಯನ್ನೇ ಓದಿದ್ದಳು.

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಕಾಲು.

ಹುಡುಗಿಗೆ ಫೋನು ಹಚ್ಚಿದೆ. ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. “ಈ ಪುಸ್ತಕ ಎಲ್ಲಿಂದ ಬಂತು, ನೋಡಿ ಹೇಳಿ,” ಎಂದು ಯಜಮಾನರಿಗೆ ಸನ್ನೆ ಮಾಡಿ ಮತ್ತೆ ಹಚ್ಚಿದೆ. ಅವರು ಬೆನ್ನಿನ ನಂಬರು ನೋಡಿಕೊಂಡು ರಿಜಿಸ್ಟರಿನ ಪುಟ ತಿರುವತೊಡಗಿದರು. ಮೂರನೆಯ ಸಲಕ್ಕೆ ಆ ಕಡೆ ಎತ್ತಿದ ಸದ್ದಾಯಿತು.

“ಸಹಿ ಹಾಕ್ಬೇಡ,” ಎಂದೆ. “ತಪ್ಪು ನಂದು. ಮೂರನೇ ಚುಕ್ಕೆ ನಿಮ್ಮಕ್ಕಂದೇ. ಪುಸ್ತಕ ಅಚ್ಚಾಗಿದ್ದೇ ನಾಲ್ಕು ತಿಂಗಳ ಹಿಂದೆ. ಅವಳು ಸತ್ತಿಲ್ಲ. ಕೇಳಿಸ್ತಾ? ನಿಮ್ಮಕ್ಕ ಬದುಕಿದ್ದಾಳೆ.”

ಆ ಕಡೆಯಿಂದ ರಸ್ತೆಯ ಗದ್ದಲ ಕೇಳಿಸಿತು, ಬಸ್ಸಿನ ಹಾರ್ನು ಕೇಳಿಸಿತು.

“ಹಾಕ್ಬಿಟ್ಟೆ ಮೇಡಂ. ಅರ್ಧ ಗಂಟೆ ಆಯ್ತು.” ಮಗುವಿನ ದನಿಯಂತಿತ್ತು ಅದು. “ಅವಳು ನಮ್ಮಕ್ಕನೇ, ಸತ್ತಿರೋದು ಅವಳೇ ಅಂತ ನನ್ನ ಕೈಯಾರೆ ಬರೆದುಕೊಟ್ಟೆ.”

ಯಜಮಾನರು ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. ಮೂರು ವಾರದ ಹಿಂದೆ ಒಂದೇ ಕಟ್ಟಿನಲ್ಲಿ ಹನ್ನೆರಡು ಹಳೆಯ ಕಾದಂಬರಿ, ಉಡುಗೊರೆಯಾಗಿ ಬಂದವು. ಕೊಟ್ಟವರ ಹೆಸರಿನ ಜಾಗದಲ್ಲಿದ್ದದ್ದು ಅವಳ ಭಾವನ ಹೆಸರು.

“ಹೆಂಡತಿ ಓದ್ತಿದ್ದ ಪುಸ್ತಕ, ಮನೇಲಿ ಕಣ್ಣೆದುರಿಗೆ ಇದ್ರೆ ಸಂಕಟ ಆಗುತ್ತೆ ಅಂದ್ರು,” ಎಂದು ಯಜಮಾನರು ಪಿಸುಗುಟ್ಟಿದರು. “ತಂಗಿಗೆ ಹೇಳ್ಬೇಡಿ, ನೊಂದ್ಕೋತಾಳೆ ಅಂದ್ರು.”

ಮೋಟಾರು ರಿಪೇರಿ ಮಾಡುವ ಮನುಷ್ಯ ಅವನು, ಜನ್ಮದಲ್ಲಿ ಒಂದು ಕಾದಂಬರಿ ಓದಿದವನಲ್ಲ. ಹಳೆಯ ಹೆಸರು ಕಂಡಿದ್ದಾನೆ, ಹಳೆಯ ಪುಸ್ತಕ ಅಂದುಕೊಂಡಿದ್ದಾನೆ. ಹಳೆಯ ಕಾದಂಬರಿ ಹೊಸದಾಗಿಯೂ ಅಚ್ಚಾಗುತ್ತದೆಂದು ಅವನಿಗೆ ಹೊಳೆದಿರಲಾರದು. ಹೆಂಡತಿ ಕಾಣೆಯಾಗಿ ಏಳು ತಿಂಗಳಾದ ಮೇಲೆ ಅಚ್ಚಾದ ಪುಸ್ತಕ ಅವಳ ಚುಕ್ಕೆ ಸಮೇತ ಅವನ ಕೈಯಿಂದ ಬಂದಿದೆಯೆಂದರೆ, ಅವಳು ಎಲ್ಲಿದ್ದಾಳೆಂದು ಅವನಿಗೆ ಗೊತ್ತು.

“ಎಲ್ಲಿದ್ದೀಯ ನೀನು?” ಎಂದೆ. “ಇದ್ದಲ್ಲಿಂದ ಇಳಿದುಬಿಡು. ಯಾರ ಹತ್ರನೂ ಮಾತಾಡ್ಬೇಡ.”

“ಗಾಡೀಲಿದ್ದೀನಿ ಮೇಡಂ. ನನಗೆ ಫೋನು ಎತ್ತೋ ಮನಸ್ಸಿರಲಿಲ್ಲ. ಭಾವನೇ ಸ್ಪೀಕರಿಗೆ ಹಾಕಿ ಮುಂದೆ ಇಟ್ರು.”

ರಸ್ತೆಯ ಗದ್ದಲ ನಿಂತಿತು. ಯಾರೋ ಎಂಜಿನ್ ಆರಿಸಿದ್ದರು.

“ಯಾವ ಪುಸ್ತಕ ಅದು?” ಎಂದು ಕೇಳಿತು ಒಂದು ಗಂಡಸಿನ ದನಿ, ಬಹಳ ಮೆಲ್ಲಗೆ.